ಕಣಕ ಹತ್ತಿದ ಕೈ

ಹಾರ್ಮೋನಿಯಂ ಪೇಟಿಯಿಂದ ಸ್ವರ ಬರಲಿಲ್ಲ; ಭುಸ್ಸೆಂದು ಗಾಳಿ ಬಂತು. ದತ್ತಾತ್ರೇಯ ಮಾಸ್ತರರು ತಿದಿಯನ್ನು ಮತ್ತೊಮ್ಮೆ ಒತ್ತಿದರು. ಮತ್ತೆ ಅದೇ, ಬಿಸಿಲಿಗೆ ದಣಿದ ಎಮ್ಮೆ ಉಸಿರು ಬಿಟ್ಟ ಹಾಗೆ. ಎದುರಿಗೆ ಚಾಪೆಯ ಮೇಲೆ ಕೂತಿದ್ದ ಹುಡುಗಿ ಮುದುಕವ್ವ ನಗು ತಡೆಯಲಾರದೆ ಪರಕಾರದ ಅಂಚನ್ನು ಬಾಯಿಗೆ ಒತ್ತಿಕೊಂಡಳು.

"ನಗೂದು ಏನದವಾ ಇದರಾಗ?" ಎನ್ನುತ್ತ ಮಾಸ್ತರರು ಪೇಟಿಯನ್ನು ಬಾಗಿಲ ಬೆಳಕಿಗೆ ತಿರುಗಿಸಿದರು. ತಿದಿಯ ಕೆಳಗಿನ ಮಡಿಕೆಯಲ್ಲಿ ಹೆಬ್ಬೆರಳು ಹೋಗುವಷ್ಟು ತೂತು ಬಿದ್ದಿತ್ತು. ಅದರ ಅಂಚನ್ನೆಲ್ಲ ಯಾರೋ ಸಣ್ಣ ಹಲ್ಲಿನಿಂದ ಕಚ್ಚಿ ಕಚ್ಚಿ ಎಳೆದಂತಿತ್ತು. ಕೆಳಗೆ ಹಾಸಿದ ಬಟ್ಟೆಯ ಮೇಲೆ ಇಲಿಯ ಹಿಕ್ಕೆ. ಮಾಸ್ತರರು ಮಡಿಕೆಯನ್ನು ಹಿಗ್ಗಿಸಿ, ಕಿರುಬೆರಳಿನ ಉಗುರಿನಿಂದ ಏನನ್ನೋ ಕೆದರಿ ಅಂಗೈಯಲ್ಲಿಟ್ಟುಕೊಂಡು ನೋಡಿದರು. ಒಣಗಿ ಗಟ್ಟಿಯಾದ ಗೋದಿ ಕಣಕ. ತಿದಿ ಒತ್ತುವ ಎಡಗೈ ಎಲ್ಲೆಲ್ಲಿ ತಾಕುತ್ತದೋ ಅಲ್ಲೆಲ್ಲ ಅದು ತೆಳ್ಳಗೆ ಮೆತ್ತಿಕೊಂಡಿತ್ತು.

ಮುದುಕವ್ವನ ನಗು ನಿಂತಿತು. ಎಡಗೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು.

"ನಿನ್ನೆ ಮೋದಿನಸಾಬರ ಮನಿಯಿಂದ ಬಂದಾಕಿ ಕೈ ತೊಳಕೊಂಡಿದ್ದೇನು?"

"ತೊಳಕೊಂಡಿದ್ನಿರಿ" ಎಂದಳು. ಸ್ವಲ್ಪ ತಡೆದು, "ಒರಸ್ಕೊಂಡಿದ್ನಿ" ಎಂದಳು.

ಒಳಗಿನಿಂದ ಅಜ್ಜಿ ಸಿದ್ದವ್ವನ ದನಿ ಬಂತು. "ಎದಕ್ಕ ಒರಸ್ಕೊಂಡ್ಲು ಕೇಳ್ರಿ ಮಾಸ್ತರ! ನನ್ನ ಕೌದಿಗೆ. ನಮ್ಮತ್ತೀಗೆ ನೀರಂದ್ರ ಬೆಂಕಿ."

ಸಿದ್ದವ್ವ ಮೊಮ್ಮಗಳನ್ನು ಹೆಸರು ಹಿಡಿದು ಕರೆಯುವಂತಿರಲಿಲ್ಲ. ಮಗುವಿಗೆ ಇಟ್ಟದ್ದು ಸಿದ್ದವ್ವನ ಅತ್ತೆಯ ಹೆಸರು. ಅತ್ತೆ ಸತ್ತು ಎಷ್ಟು ವರ್ಷವಾಗಿದ್ದರೂ ಆ ಹೆಸರು ಸೊಸೆಯ ಬಾಯಿಂದ ಬರಬಾರದು. ಹೀಗಾಗಿ ಹನ್ನೊಂದು ವರ್ಷದ ಹುಡುಗಿ ಆ ಮನೆಯಲ್ಲಿ ಅಜ್ಜಿಗೆ ಅತ್ತೆಯಾಗಿದ್ದಳು. ಬೈಯುವಾಗಲೂ "ನಮ್ಮತ್ತಿ" ಎಂದೇ ಬೈಯುತ್ತಿದ್ದಳು ಸಿದ್ದವ್ವ. ನಿಜವಾದ ಅತ್ತೆ ಬದುಕಿದ್ದಾಗ ಆಡಲಾಗದೆ ಉಳಿದ ಮಾತುಗಳಿಗೂ ಹೀಗೆ ಒಂದು ದಾರಿಯಾಗಿತ್ತು.

ಪೇಟಿ ಆ ಮನೆಯದಲ್ಲ, ಬೆಳವಣಕಿಯ ಭಜನಾ ಮೇಳದ್ದು. ಯಾವುದೋ ನಾಟಕ ಕಂಪನಿ ಮುಳುಗಿದಾಗ ಊರವರು ಕೂಡಿ ಕೊಂಡು ತಂದದ್ದು. ಮುದುಕವ್ವನ ಅಪ್ಪ ಅಂದಾನಪ್ಪ ಮೇಳದಲ್ಲಿ ಮುಂದೆ ಕೂತು ಹಾಡುವವನು. ಅವನ ಪಡಸಾಲೆ ದೊಡ್ಡದು, ಸೋರುವುದಿಲ್ಲ. ಹಾಗಾಗಿ ಪೇಟಿ ಅಲ್ಲಿತ್ತು. ಪೇಟಿ ನುಡಿಸುವ ದತ್ತಾತ್ರೇಯ ಮಾಸ್ತರರೂ ಅಲ್ಲೇ ಇದ್ದರು. ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದ ವರ್ಷ ಊರ ಸಾಲೆಗೆ ವರ್ಗವಾಗಿ ಬಂದವರು, ಹೆಂಡತಿ ಮಕ್ಕಳನ್ನು ನರಗುಂದದಲ್ಲೇ ಬಿಟ್ಟು, ಅಂದಾನಪ್ಪನ ಕಟ್ಟೆಯ ಪಕ್ಕದ ಕೋಣೆಯಲ್ಲಿ ತಾವೇ ಬೇಯಿಸಿಕೊಂಡು ಉಣ್ಣುತ್ತಿದ್ದರು. ಬೆಳಿಗ್ಗೆ ಎದ್ದು ಅವರು ಪೇಟಿಯ ಮುಂದೆ ಕೂತರೆ ಕಸ ಹೊಡೆಯುವ ಮುದುಕವ್ವನ ಕಸಬರಿಗೆ ಅಲ್ಲಲ್ಲೇ ನಿಲ್ಲುತ್ತಿತ್ತು. ಒಂದು ದಿನ ಮಾಸ್ತರರು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಒಳಗೆ ಯಾರೋ ಸರಿಗಮ ಹಿಡಿದಿದ್ದರು. ಒದ್ದೆ ಪಂಚೆಯಲ್ಲೇ ಬಾಗಿಲಿಗೆ ಬಂದು ನಿಂತು ಕೇಳಿದ ಮಾಸ್ತರರು, "ಗಾಂಧಾರ ಹಿಂಗಲ್ಲವಾ" ಎಂದು ಒಳಗೆ ಬಂದರು. ಕಲಿಕೆ ಶುರುವಾದದ್ದು ಹಾಗೆ.

ಮೃದಂಗದಂಥ ಪಖವಾಜಿಗೆ ಅವಳು ಹೋದದ್ದು ಬೇರೆ ದಾರಿ. ಊರ ಇನ್ನೊಂದು ತುದಿಗೆ ಪಿಂಜಾರ ಓಣಿಯಲ್ಲಿ ಮೋದಿನಸಾಬನ ಮನೆ. ಹಗಲೆಲ್ಲ ಹತ್ತಿ ಹಿಂಜಿ ಗಾದಿ ಹೊಲಿಯುವ ಮನುಷ್ಯ. ಸೋಮವಾರ ಸಂಜೆ ಮೇಳದಲ್ಲಿ ಪಖವಾಜು ನುಡಿಸುವವನು. ಪಖವಾಜಿನ ಎಡಬಾಯಿಗೆ ಹಸಿ ಕಣಕ ಮೆತ್ತದಿದ್ದರೆ ಅದು ಒಡಕು ಮಡಕೆಯಂತೆ ಟೊಳ್ಳು ಟೊಳ್ಳು ಎನ್ನುತ್ತದೆ. ಕಣಕ ಬಿದ್ದ ಮೇಲೆಯೇ ಅದಕ್ಕೆ ಹೊಟ್ಟೆಯೊಳಗಿನ ದನಿ. ಆ ಕಣಕದ ಉಂಡೆ ಅಂದಾನಪ್ಪನ ಮನೆಯಿಂದ ಹೋಗುವುದು ಅವನ ಅಪ್ಪನ ಕಾಲದ ರೂಢಿ. ಅವ್ವ ನೀಲವ್ವ ನಾದಿ ಕೊಟ್ಟ ಉಂಡೆಯನ್ನು ಒಯ್ಯುವವಳು ಮುದುಕವ್ವ. ಮೊದಮೊದಲು ಕೊಟ್ಟು ಬರುತ್ತಿದ್ದಳು. ಆಮೇಲೆ ಮೆತ್ತುವುದನ್ನು ನೋಡಿ ಬರುತ್ತಿದ್ದಳು. ಆಮೇಲೆ ತಾನೇ ಮೆತ್ತತೊಡಗಿದಳು. ಮೆತ್ತಿದ ಮೇಲೆ ದನಿ ಬಂತೋ ಇಲ್ಲವೋ ಎಂದು ಬಡಿದು ನೋಡಬೇಡವೇ? ಮಕ್ಕಳಿಲ್ಲದ ಮೋದಿನಸಾಬ ಆ ಬಡಿತ ಕೇಳಿ, ಹತ್ತಿಯ ನವಿರು ಅಂಟಿದ ಗಡ್ಡ ಕೆರೆದುಕೊಂಡು, "ಕೂಡ ಬೇಟಾ, ಕೂಡ. ನಿಂತ ಬಡದ್ರ ಅದು ಡೊಳ್ಳಾಗತೈತಿ" ಎಂದಿದ್ದ.

ಹೀಗೆ ಬೆಳಿಗ್ಗೆ ಪೇಟಿ, ಸಂಜೆ ಪಖವಾಜು. ಎರಡರಲ್ಲಿ ಯಾವುದರ ಮುಂದೆಯೂ ಮುದುಕವ್ವ ನೆಟ್ಟಗೆ ಕೂತವಳಲ್ಲ. ಪೇಟಿಯ ಸ್ವರ ಹಿಡಿದಷ್ಟೂ ನಿಲ್ಲುತ್ತಿತ್ತು. ಅದು ಹಾಗೆ ನಿಂತಾಗ ಅವಳಿಗೆ ಎಲ್ಲಿಯೋ ಒಂದು ಪೆಟ್ಟು ಬೀಳಬೇಕು ಅನಿಸುತ್ತಿತ್ತು. ಪಖವಾಜಿನ ಪೆಟ್ಟು ಬಿದ್ದು ಆರಿಹೋಗುತ್ತಿತ್ತು. ಅದು ಆರಿದ ಜಾಗದಲ್ಲಿ ಒಂದು ಸ್ವರ ಬೇಕಿತ್ತು. ಒಂದರ ಮುಂದೆ ಕೂತರೆ ಇನ್ನೊಂದು ಕರೆಯುತ್ತಿತ್ತು. ಸಂಜೆ "ಧಾ ಧಾ ದಿಂ ತಾ, ಕಿಟ ಧಾ ದಿಂ ತಾ" ಮುಗಿಸಿದವಳೇ ಯರಿಮಣ್ಣಿನ ಓಣಿಯಲ್ಲಿ ಓಡಿ, ಕಟ್ಟೆ ಹತ್ತಿ, ಮಾಸ್ತರರು ದೀಪ ಹಚ್ಚುವುದರೊಳಗೆ ಪೇಟಿ ತೆಗೆದು ಆಗ ನುಡಿಸಿದ್ದಕ್ಕೆ ಒಂದು ಸ್ವರ ಹುಡುಕುತ್ತಿದ್ದಳು. ಆ ಅವಸರದಲ್ಲಿ ಕೈ ಯಾರು ತೊಳೆಯಬೇಕು?

"ಬಡಿಯೋ ಕೈ ಬಿರಸಾಗತದವಾ. ಪೇಟಿಗೆ ಬೆಣ್ಣಿಯಂಥಾ ಬೆರಳು ಬೇಕು" ಎನ್ನುತ್ತಿದ್ದರು ಮಾಸ್ತರರು. "ಪೇಟಿ ಅಂದ್ರ ಬರೇ ಗಾಳಿ, ಬೇಟಾ. ಅದನ್ನ ಸವರಿ ಸವರಿ ಕೈ ಸಡ್ಲ ಆಗತಾವ" ಎನ್ನುತ್ತಿದ್ದ ಮೋದಿನಸಾಬ. ಇಬ್ಬರೂ ನಗುತ್ತಲೇ ಹೇಳುತ್ತಿದ್ದರು. ಆದರೆ ದಿನಾ ಹೇಳುತ್ತಿದ್ದರು.

ಅಂದಾನಪ್ಪ ಹೊಲದಿಂದ ಬಂದವನು ತೂತು ನೋಡಿ ಪಡಸಾಲೆಯಲ್ಲಿ ಕುಸಿದು ಕೂತ. ಶ್ರಾವಣ ಹತ್ತಿರ ಬಂದಿತ್ತು. ಶ್ರಾವಣ ಸೋಮವಾರದ ಭಜನೆಗೆ ಹೊಳೆಮಣ್ಣೂರಿನಿಂದಲೂ ಜನ ಬರುತ್ತಾರೆ. ಮೋದಿನಸಾಬನಿಗೆ ಹೇಳಿ ಕಳಿಸಿದ. ಮೋದಿನಸಾಬ ಬಂದು, ಕೆರವು ಕಟ್ಟೆಯ ಕೆಳಗೆ ಬಿಟ್ಟು, ತೂತು ನೋಡಿ ಕಿವಿ ಹಿಡಿದುಕೊಂಡ.

"ತಪ್ಪು ನಂದ್ರಿ ಗೌಡ್ರ. ಕೈ ತೊಳಸಿ ಕಳಸಬೇಕಾಗಿತ್ತು."

"ಛೇ ಛೇ, ನಿಮ್ಮದೇನದ ಸಾಬ್ರ" ಎಂದರು ಮಾಸ್ತರರು. "ಪೇಟಿ ಒರಸಿ ಮುಚ್ಚಿಡೋದು ನನ್ನ ಕೆಲಸ. ತಪ್ಪು ನಂದು."

"ಇಲ್ರಿ, ಕಣಕ ಹತ್ತಿದ್ದು ನಮ್ಮ ಮನ್ಯಾಗಲ್ರಿ?"

"ಇಲಿ ನನ್ನ ಕೋಣಿಂದ ಬಂದದ್ದಲ್ಲೇನು?"

"ಇಲೀಗೆ ಒಬ್ಬಾವ ಧಣಿ ಅಂತಾನ, ಕಣಕಕ್ಕ ಒಬ್ಬಾವ" ಎಂದಳು ಸಿದ್ದವ್ವ, ಒಳಗಿನಿಂದಲೇ. "ಮೆತ್ತಿದಾಕಿ ನಡುವ ನಿಂತಾಳ, ಅಕೀನ್ನ ಯಾರೂ ಕೇಳವಲ್ರು."

ಅಂದಾನಪ್ಪ ಮಗಳ ಕಡೆ ನೋಡಿದ. ಮುದುಕವ್ವ ಕಂಬಕ್ಕೆ ಒರಗಿ ಒಂದು ಕಾಲಿನಿಂದ ಇನ್ನೊಂದು ಕಾಲು ತುಳಿಯುತ್ತಿದ್ದಳು. "ಇನ್ ಎರಡು ಬ್ಯಾಡ" ಎಂದ ಅವನು. "ಒಂದ ಕಲೀಲಿ. ಎರಡು ಹಿಡದು ಎರಡೂ ಹಾಳ ಮಾಡೂದಕಿಂತ ಒಂದು ಚಲೋತ್ನ್ಯಾಗಿ ಬರಲಿ. ಯಾವದು ಅಂತ ನೀವಿಬ್ರೂ ಹೇಳ್ರಿ."

ಯಾವುದು ಎಂದು ಅಂದಾನಪ್ಪನೇ ಹೇಳಬಹುದಿತ್ತು. ಆದರೆ ಒಬ್ಬರು ಮನೆಯಲ್ಲಿದ್ದ ಮಾಸ್ತರರು, ಇನ್ನೊಬ್ಬ ತಂದೆಯ ಕಾಲದಿಂದ ಮೇಳದಲ್ಲಿದ್ದ ಹಿರಿಯ. ಒಬ್ಬರ ಎದುರಿಗೆ ಇನ್ನೊಬ್ಬರ ಹೆಸರು ಹೇಳಲು ಅವನಿಗೆ ಭಿಡೆ ಅಡ್ಡ ಬಂತು.

"ಮಾಸ್ತರು ಹ್ಯಾಂಗ ಹೇಳ್ತಾರ ಹಂಗರಿ" ಎಂದ ಮೋದಿನಸಾಬ.

"ಸಾಬರು ಹಿರಿಯರು. ಅವರು ಹೇಳಲಿ" ಎಂದರು ಮಾಸ್ತರರು.

ನೀಲವ್ವ ತಂದಿಟ್ಟ ಚಹದಲ್ಲಿ ಮೊದಲು ಯಾರು ತೆಗೆದುಕೊಳ್ಳಬೇಕು ಎನ್ನುವುದಕ್ಕೂ ಅದೇ ಮಾತು ನಡೆಯಿತು. ಚಹದ ಮೇಲೆ ಕೆನೆ ಕಟ್ಟಿತು.

ನರಗುಂದದಲ್ಲಿ ಪೇಟಿ ರಿಪೇರಿ ಮಾಡುವವನೊಬ್ಬನಿದ್ದ. ಸಂತೆಯ ಹಿಂದಿನ ದಿನ ನಸುಕಿನಲ್ಲಿ ಅಂದಾನಪ್ಪ ಜೋಳದ ಚೀಲ ಹೇರಿ ಬಂಡಿ ಹೂಡಿದ. ಮಾಸ್ತರರು ಪೇಟಿಯೊಂದಿಗೆ ಹೊರಟರು. ಹತ್ತಿ ತರಬೇಕೆಂದು ಮೋದಿನಸಾಬನೂ ಹತ್ತಿದ. ಮುದುಕವ್ವ ತಾನೂ ಬರುತ್ತೇನೆಂದು ಹಟ ಹಿಡಿದು ಚೀಲಗಳ ಮೇಲೆ ಏರಿ ಕೂತಳು. ದಾರಿಯಲ್ಲಿ ಇಬ್ಬರೂ ಮಾತಾಡಿ ತೀರ್ಮಾನ ಮಾಡುತ್ತಾರೆ, ಆ ತೀರ್ಮಾನ ತನ್ನ ಬೆನ್ನ ಹಿಂದೆ ಆಗಬಾರದು ಎಂದು ಅವಳ ಲೆಕ್ಕ.

ಅವರು ಮಾತಾಡಿದರು. ಮಳೆಯ ಬಗ್ಗೆ ಮಾತಾಡಿದರು. ಈ ಸಲ ಹೆಸರುಕಾಳಿನ ಬೆಳೆ ಹೊಲಗಳಲ್ಲಿ ಹ್ಯಾಗೆ ಎದ್ದಿದೆ ಎಂದು ಮಾತಾಡಿದರು. ಸಾಲೆ ತಪಾಸಣೆಗೆ ಬರುವ ಡೆಪ್ಯುಟಿ ಸಾಹೇಬರ ಪೇಟದ ಬಗ್ಗೆ ಮಾಸ್ತರರು ಹೇಳಿದ್ದಕ್ಕೆ ಮೋದಿನಸಾಬ ತೊಡೆ ತಟ್ಟಿ ನಕ್ಕ. ಪ್ರತಿ ಸಲ ಮಾತು ಮುಗಿದಾಗಲೂ ಮುದುಕವ್ವ ಮುಂದಕ್ಕೆ ಬಾಗುತ್ತಿದ್ದಳು. ಈಗ ಹೇಳುತ್ತಾರೆ, ಈಗ. ಮೋದಿನಸಾಬ ಕೆಮ್ಮಿ, ಬೀಡಿ ಹಚ್ಚಿ, "ಮಾಸ್ತರ್ರಿ" ಎಂದ. ಅವಳು ಚೀಲದ ಬಾಯಿ ಗಟ್ಟಿಯಾಗಿ ಹಿಡಿದುಕೊಂಡಳು. "ನರಗುಂದದಾಗ ನಿಮ್ಮ ಮನ್ಯಾಗ ನೀರು ಸಿಹೀನ ಏನ್ರಿ?" ಎಂದ ಮೋದಿನಸಾಬ.

ಅವಳಿಗೆ ಕೂರಲಾಗಲಿಲ್ಲ. ಬಂಡಿಯಿಂದ ಜಿಗಿದು ಎತ್ತುಗಳ ಮುಂದೆ ಓಡಿದಳು, ಹಿಂದೆ ಬಿದ್ದಳು, ಮತ್ತೆ ಹತ್ತಿದಳು, ಮತ್ತೆ ಜಿಗಿದಳು. "ಏ ಹುಡುಗಿ, ಗಾಲಿಗೆ ಸಿಕ್ಕೀ!" ಎಂದು ಅಂದಾನಪ್ಪ ಬಾರುಕೋಲು ತೋರಿಸಿದ. ದೂರದಲ್ಲಿ ಗುಡ್ಡ ಕಂಡಿತು. ಎಷ್ಟು ನಡೆದರೂ ಅದು ಹತ್ತಿರ ಬರಲೊಲ್ಲದು. ಬಿಸಿಲೇರಿದ ಮೇಲೆ ದಣಿದು ಚೀಲಗಳ ನಡುವೆ ಕೂತವಳಿಗೆ ನಿದ್ದೆ ಬಂತು. ತಲೆ ಮೋದಿನಸಾಬನ ಹೆಗಲ ಮೇಲೆ ಬಿತ್ತು. ಅವನು ಬೀಡಿ ಆರಿಸಿ ಎಸೆದು, ಗುಡ್ಡ ಬರುವವರೆಗೆ ಆ ಹೆಗಲನ್ನು ಅಲುಗಿಸಲಿಲ್ಲ. ಎದುರಿಗೆ ಕೂತ ಮಾಸ್ತರರು ಅದನ್ನು ನೋಡುತ್ತಲೇ ಬಂದರು. ಮಾಸ್ತರರು ಹರಿದ ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಂಡಿ ತಗ್ಗಿಗೆ ಇಳಿದಾಗಲೆಲ್ಲ ಎರಡೂ ಕೈಯಿಂದ ಎತ್ತಿ ಹಿಡಿಯುತ್ತಿದ್ದರು, ಬಾಣಂತಿ ಮನೆಯ ಕೂಸಿನ ಹಾಗೆ. ಮೋದಿನಸಾಬ ಅದನ್ನು ನೋಡುತ್ತಲೇ ಬಂದ.

ಸಂತೆ ಮುಗಿಸಿ, ತಿದಿಗೆ ಆಡಿನ ತೊಗಲಿನ ಕೆಂಪು ತೇಪೆ ಹಾಕಿಸಿಕೊಂಡು ಅವರು ತಿರುಗಿ ಬಂದರು. ಬರುವಾಗಲೂ ಮಳೆಯ ಮಾತು, ಹೆಸರಿನ ಮಾತು.

ಮರುದಿನ ಸಂಜೆ ಮುದುಕವ್ವ ಪಿಂಜಾರ ಓಣಿಗೆ ಹೋದಾಗ ಪಖವಾಜು ತನ್ನ ಜಾಗದಲ್ಲಿರಲಿಲ್ಲ. ಹಳೆಯ ಚಾದರದಲ್ಲಿ ಸುತ್ತಿ ಮೇಲಿನ ಗೂಟಕ್ಕೆ ತೂಗುಹಾಕಿತ್ತು. ಮೋದಿನಸಾಬ ಹತ್ತಿಯ ರಾಶಿಯ ನಡುವೆ ಬೆನ್ನು ಮಾಡಿ ಕೂತಿದ್ದ.

"ಕಾಕಾ, ಇಳಸ್ಲೇನು?"

"ಬ್ಯಾಡ ಬೇಟಾ." ಅವನು ತಿರುಗಲಿಲ್ಲ. "ನೀ ಪೇಟೀನ ಕಲಿ. ಮಾಸ್ತರು ಓದಿದವರು, ದೊಡ್ಡ ಮನುಷ್ಯಾರು. ಹೆಂಡ್ರು ಮಕ್ಕಳನ್ನ ಬಿಟ್ಟು ಬಂದಾರ. ಅವರಿಗಿ ಆ ಪೇಟಿ ಬಿಟ್ರ ಇಲ್ಲಿ ಯಾರದಾರ? ನಾ ನಿನ್ನ ಅವರಿಗಿ ಬಿಟ್ಟಕೊಟ್ಟೇನಿ."

"ಅವರು ಕೇಳ್ಯಾರೇನು?"

"ಅಂಥವರು ಬಾಯಿ ಬಿಟ್ಟು ಕೇಳ್ತಾರೇನು? ನಾವ ತಿಳ್ಕೋಬೇಕು."

ಅವನ ಹೆಂಡತಿ ಮುಮತಾಜಬಿ ಒಲೆಯ ಮುಂದಿನಿಂದ ಎದ್ದು ಬಂದು ಹುಡುಗಿಯ ಕೈಯಲ್ಲಿ ಬೆಲ್ಲದ ಚೂರು ಇಟ್ಟಳು. ಗಂಡನ ಬೆನ್ನಿನ ಕಡೆ ನೋಡಿ, "ಮುಂಜಾನಿಂದ ಉಂಡಿಲ್ಲವ್ವಾ ನಿಮ್ಮ ಕಾಕಾ" ಎಂದಳು.

ಬೆಲ್ಲ ತಿನ್ನದೆ ಮುದುಕವ್ವ ಓಡಿದಳು. ಓಣಿಯ ತಿರುವಿನಲ್ಲಿ ಅಳು ಬಂತು, ಬಾವಿಯ ಹತ್ತಿರ ನಿಂತಿತು. ಪೇಟಿಯಾದರೂ ಉಳಿಯಿತಲ್ಲ ಅನ್ನಿಸಿತು. ಕಟ್ಟೆ ಹತ್ತುವ ಮೊದಲು ಅಂಗಳದ ನೀರಿನ ಹೌದಿನಲ್ಲಿ ಎರಡೂ ಕೈಯನ್ನು ಮೊಣಕೈವರೆಗೆ ತಿಕ್ಕಿ ತೊಳೆದುಕೊಂಡು ಒಳಗೆ ಹೋದಳು. ಮಾಸ್ತರರು ಪೇಟಿಗೆ ಹೊಸ ಹೊದಿಕೆ ಹೊಲಿಯುತ್ತಿದ್ದರು.

"ಬಾರವಾ, ಕೂಡು" ಎಂದರು. ಅವಳು ಪೇಟಿಯ ಮುಂದೆ ಕೂತಳು. ಮಾಸ್ತರರು ಹೊದಿಕೆಯನ್ನು ಪೇಟಿಯ ಮೇಲೆ ಎಳೆದು ಸರಿಮಾಡಿದರು. "ನಾಳಿಂದ ಪೇಟಿಗೆ ಬರಬ್ಯಾಡ. ಸಾಬರಿಗೆ ಹೊಟ್ಟಿಲೆ ಮಕ್ಕಳಿಲ್ಲ. ಅವರ ವಿದ್ಯಾ ಅವರ ಜೋಡಿನ ಮಣ್ಣಿಗೆ ಹೋಗಬಾರದು. ನನಗೇನು, ನಾಳೆ ವರ್ಗ ಆದ್ರ ಇನ್ನೊಂದು ಊರು, ಇನ್ನೊಂದು ಹುಡುಗಿ. ನೀ ಅವರಿಗೇ ಇರು."

ಮುದುಕವ್ವ ಅವರ ಮುಖ ನೋಡಿದಳು. "ಅವರೂ ಬ್ಯಾಡ ಅಂದಾರ್ರಿ."

"ಯಾರು?"

"ಕಾಕಾ. ಪೇಟೀನ ಕಲಿ ಅಂದ್ರು. ಪಖವಾಜ ಗೂಟಕ್ಕ ಹಾಕ್ಯಾರ್ರಿ."

ಮಾಸ್ತರರು ಸೂಜಿ ಹಿಡಿದ ಕೈ ನಿಲ್ಲಿಸಿ ನಕ್ಕರು. "ಎರಡೂ ಬೇಕು ನಿನಗ. ಅದು ನನಗೂ ಗೊತ್ತದ. ಅದಕ್ಕಂತ ಹಿರಿಯರ ಬಾಯಾಗ ಇಲ್ಲದ ಮಾತು ಇಡಬಾರದವಾ. ನೀ ಹೆಗಲ ಮ್ಯಾಲೆ ಮಲಗಿದ್ರ ಅಲುಗಾಡದ ಕೂತ ಮನಷ್ಯಾ ಬ್ಯಾಡ ಅಂತಾನೇನು?"

ಅವಳು ಮತ್ತೆ ಪಿಂಜಾರ ಓಣಿಗೆ ಓಡಿದಳು. ಮಾಸ್ತರರೂ ಬೇಡವೆಂದರು ಎಂದು ಏದುಸಿರಿನಲ್ಲೇ ಹೇಳಿದಳು. ಮೋದಿನಸಾಬ ಕೈಯೊಳಗಿನ ಹತ್ತಿ ಕೆಳಗಿಟ್ಟು, ಬೇಸರದ ದನಿಯಲ್ಲಿ, "ಮಾಸ್ತರು ಹಂಗ ಅನ್ನೂ ಪೈಕಿ ಅಲ್ಲ, ಬೇಟಾ. ಕೂಸಿನಂಗ ಹಿಡ್ಕೊಂಡು ಬಂದ್ರು ಪೇಟೀನ, ನಾ ನೋಡೇನಿ. ಸುಳ್ಳ ಹೇಳಿದ್ರ ಕೈಯಾಗ ವಿದ್ಯಾ ನಿಂದ್ರೂದಿಲ್ಲ" ಎಂದ.

ಉಳಿದವನು ಅಪ್ಪ. ಅವನು ಎತ್ತಿನ ಮುಂದೆ ಹಸಿ ಹುಲ್ಲು ಹಾಕುತ್ತಿದ್ದಾಗ ಅವಳು ಎಲ್ಲವನ್ನೂ ಹೇಳಿದಳು. ಅಂದಾನಪ್ಪ ಕೇಳಿ, ಹುಲ್ಲಿನ ಸಿವುಡು ಬಿಚ್ಚುತ್ತ, "ಅವರಿಬ್ರೂ ತಿಳದವ್ರು. ಏನರೆ ಮಾತಾಡಿಕೊಂಡಿರ್ತಾರ" ಎಂದ.

"ಮಾತಾಡಿಲ್ಲಪ್ಪಾ!"

"ನಾ ನಡುವ ಬಾಯಿ ಹಾಕಿದ್ರ, ಇಂವ ನಂಬಲಿಲ್ಲ ಅಂತ ಆಗತೈತಿ. ಎರಡ ದಿವ್ಸ ತಡಿ."

ನೀಲವ್ವ ದನ ಕಟ್ಟುವ ಹಕ್ಕೆಯ ಬಾಗಿಲಲ್ಲಿ ಹಾಲಿನ ತಂಬಿಗೆ ಹಿಡಿದು ನಿಂತು ಇದೆಲ್ಲ ಕೇಳಿದಳು. ಆ ದಿನ ಊಟಕ್ಕೆ ಬಡಿಸುವಾಗ ಗಂಡನಿಗೆ, "ಒಂದ ಮಾತು ಇಬ್ರನ್ನೂ ಎದರ ಬದರ ಕೂಡಿಸಿ ಕೇಳಿದ್ರ ಗಂಟೇನು ಹೋಗತೈತಿ?" ಎಂದಳು. "ಗಂಡಸರ ಮರ್ಯಾದಿ ನಿನಗ ತಿಳಿಯೂದಿಲ್ಲ" ಎಂದ ಅವನು. ನೀಲವ್ವ ರೊಟ್ಟಿಯನ್ನು ತಾಟಿಗೆ ಸ್ವಲ್ಪ ಜೋರಾಗಿಯೇ ಹಾಕಿದಳು. ಮಾಸ್ತರರ ಎದುರು ಹೋಗಿ ನಿಂತು ಮಾತಾಡುವುದು ಅವಳಿಂದಾಗದು. ಪಿಂಜಾರ ಓಣಿಗೆ ಅವಳು ಹೋದವಳೇ ಅಲ್ಲ.

ಎರಡು ದಿನ ಹೋಗಿ ಇನ್ನೂ ಎರಡು ದಿನ ಹೋದವು. ಮುದುಕವ್ವನಿಗೆ ಬೆಳಿಗ್ಗೆಯೂ ಇರಲಿಲ್ಲ, ಸಂಜೆಯೂ ಇರಲಿಲ್ಲ. ಬೆಳಿಗ್ಗೆ ಎದ್ದರೆ ಮಾಸ್ತರರ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು. ಅವಳಿಗೆ ಆಸೆಯಾಗಬಾರದೆಂದು ಅವರು ಪೇಟಿಯನ್ನು ಸಾಲೆಯಿಂದ ಬಂದ ಮೇಲೆಯೇ ಮುಟ್ಟುತ್ತಿದ್ದರು. ಸಂಜೆ ಕಾಲು ತಾವಾಗಿಯೇ ಪಿಂಜಾರ ಓಣಿಯ ತಿರುವಿಗೆ ಹೋಗಿ ನಿಲ್ಲುತ್ತಿದ್ದವು. ಅಲ್ಲಿಂದ ತಿರುಗಿ ಕಟ್ಟೆಗೆ, ಕಟ್ಟೆಯಿಂದ ಬಾವಿಗೆ, ಬಾವಿಯಿಂದ ಬಣವೆಗೆ. ನೀರು ತರಲು ಹೋದವಳು ಕೊಡ ಬಾವಿಕಟ್ಟೆಯಲ್ಲೇ ಬಿಟ್ಟು ಬಂದಳು. ಕರುವಿನ ಹಗ್ಗ ಬಿಚ್ಚಿ ಮರೆತಳು. ಪಂಚಮಿಗೆ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದಾಗ ಏರಿ ನಿಂತವಳು ಇಳಿಯಲೊಲ್ಲಳು. ಕೆಳಗಿನ ಹುಡುಗಿಯರು, "ಏ ಮುದುಕೀ, ಇಳಿಯ, ನಿನ್ನ ಮೊಮ್ಮಕ್ಕಳು ಅಳಾಕತ್ತಾವು!" ಎಂದು ಕೂಗಿದರು. ಅವಳು ಇನ್ನೂ ಜೋರಾಗಿ ಜೀಕಿದಳು, ಟೊಂಗೆ ಕಿರ್ರೆನ್ನುವವರೆಗೆ.

"ನಮ್ಮತ್ತೀಗೆ ಏನೋ ಬಡದೈತಿ" ಎಂದಳು ಸಿದ್ದವ್ವ, ಸೊಸೆಯ ಮುಂದೆ. "ಮೊದಲ ಗದ್ದಲ ಮಾಡ್ತಿದ್ಲು, ಬೈತಿದ್ನಿ. ಈಗ ಬೈಯಾಕೂ ಏನೂ ಸಿಗವಲ್ದು."

ಶ್ರಾವಣದ ಮೊದಲ ಸೋಮವಾರ ನೀಲವ್ವ ಕಣಕ ನಾದಿ, ಎಂದಿನಂತೆ ಮಗಳ ಕೈಗೆ ಕೊಡಹೋಗಿ, ಹಾಗೇ ಹಿಂದಕ್ಕೆ ತೆಗೆದುಕೊಂಡಳು. ದನ ಕಾಯುವ ಆಳಿನ ಕೈಯಲ್ಲಿ ಕಳಿಸಿದಳು.

ಬಸವಣ್ಣದೇವರ ಗುಡಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ಜನ ಕೂಡಿತ್ತು. ಹೊರಗೆ ಜಿಟಿಜಿಟಿ ಮಳೆ. ಎಲ್ಲರ ಕಾಲಿಗೂ ಯರಿಮಣ್ಣು. ಹೆಂಗಸರು ಎಡಗಡೆ ಕಂಬಗಳ ಹಿಂದೆ ಒತ್ತೊತ್ತಾಗಿ ಕೂತಿದ್ದರು. ನೀಲವ್ವ ಮಗಳ ಕೈ ಹಿಡಿದು ಕರೆತಂದು ಎರಡನೆಯ ಕಂಬದ ಹತ್ತಿರ ಕೂತಳು. ಮುದುಕವ್ವ ಅವಳ ಹಿಂದೆ ಗೋಡೆಗೆ ಸೇರಿದಳು. ಎದುರಿಗೆ ಮೇಳದ ಕಂಬಳಿ ಹಾಸಿತ್ತು. ಅಂದಾನಪ್ಪ ಮುಂದೆ ಕೂತ. ಅವನ ಹಿಂದೆ ಒಂದು ಬದಿಗೆ ಪೇಟಿಯೊಂದಿಗೆ ಮಾಸ್ತರರು ಕೂತರು. ಹುಡುಗಿ ಪಖವಾಜಿನ ಹತ್ತಿರ ಕೂರಲಿ ಎಂದು ಆ ಕಡೆ ಜಾಗ ಬಿಟ್ಟು ಸರಿದುಕೊಂಡರು. ಇನ್ನೊಂದು ಬದಿಗೆ ಮೋದಿನಸಾಬ ಬಂದು ಕೂತ. ಹುಡುಗಿ ಪೇಟಿಯ ಹತ್ತಿರ ಕೂರಲಿ ಎಂದು ಅವನೂ ಆಚೆ ಸರಿದ. ಇಬ್ಬರ ನಡುವೆ ಕಂಬಳಿಯ ಮೇಲೆ ಒಬ್ಬರು ಚಕ್ಕಳಮಕ್ಕಳ ಹಾಕಿ ಕೂರುವಷ್ಟು ಜಾಗ ಉಳಿಯಿತು.

ಅಂದಾನಪ್ಪ ಶಿವನ ಪದ ಎತ್ತಿಕೊಂಡ. ಪೇಟಿ ಸ್ವರ ಕೊಟ್ಟಿತು. ತೇಪೆ ಹಾಕಿದ ತಿದಿ ಎಳೆದಾಗಲೆಲ್ಲ ಸಣ್ಣಗೆ ಏದುತ್ತಿತ್ತು. ಮೋದಿನಸಾಬ ಕಣಕ ಮೆತ್ತಿದ ಎಡಬಾಯಿಯ ಮೇಲೆ ಅಂಗೈ ಇಟ್ಟು, ನುಡಿಸದೆ, ಹೆಂಗಸರ ಕಡೆ ನೋಡಿದ. ಮಾಸ್ತರರೂ ಅದೇ ಕಡೆ ನೋಡುತ್ತಿದ್ದರು. ಪದದ ಮೊದಲ ಸಾಲು ಮುಗಿದು ಎರಡನೆಯದು ಬಂತು. ಮಾಸ್ತರರು ಮೋದಿನಸಾಬನ ಕಡೆ ತಿರುಗಿ, ನಿಮ್ಮ ಹುಡುಗಿ ಎಲ್ಲಿ ಎನ್ನುವಂತೆ ಹುಬ್ಬು ಎತ್ತಿದರು. ಅದೇ ಹೊತ್ತಿಗೆ ಮೋದಿನಸಾಬನೂ ಅವರ ಕಡೆ ತಿರುಗಿ ಹುಬ್ಬು ಎತ್ತಿದ.

ಎರಡು ಹುಬ್ಬುಗಳೂ ಕೆಳಗಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮಾಸ್ತರರ ಬೆರಳು ಒಂದು ಸ್ವರದ ಮೇಲೆಯೇ ನಿಂತುಬಿಟ್ಟಿತ್ತು. ಅಂದಾನಪ್ಪ ಹಾಡುತ್ತಲೇ ಹಿಂತಿರುಗಿ ಕಣ್ಣು ಬಿಟ್ಟ. ಇಬ್ಬರೂ ತಲೆ ತಗ್ಗಿಸಿದರು. ಪಖವಾಜು ಹಿಂದುಳಿದ ಎರಡು ಪೆಟ್ಟನ್ನು ನುಂಗಿಕೊಂಡು ಎದ್ದಿತು. ಪದ ಮುಂದೆ ಸಾಗಿತು.

ಮೂರನೆಯ ಸಾಲಿನ ಹೊತ್ತಿಗೆ ತಾಳ ಹಾಕುವ ಮಹಾಲಿಂಗಪ್ಪ ಮಳೆಯಲ್ಲಿ ತೊಯ್ದು ಓಡಿ ಬಂದ. ತಡವಾದದ್ದಕ್ಕೆ ಹಲ್ಲು ಕಿರಿದು, ಎಲ್ಲಿ ಕೂರಲೆಂದು ಆಚೆ ಈಚೆ ನೋಡಿ, "ಇಲ್ಲೇ ಜಾಗ ಐತಲ್ಲ" ಎಂದು ಇಬ್ಬರ ನಡುವೆ ಮಂಡಿ ಊರಿ ಕೂತ. ಕೂತು, ಸುಖವಾಗಿ ಎರಡೂ ಬದಿಗೆ ತೊಡೆ ಚಾಚಿಕೊಂಡ. ಮಾಸ್ತರರು ಏನೋ ಹೇಳಹೋಗಿ ಬಾಯಿ ಮುಚ್ಚಿದರು. ಮೋದಿನಸಾಬ ಅವನಿಗೆ ಇನ್ನಷ್ಟು ಜಾಗ ಬಿಟ್ಟುಕೊಟ್ಟ.

ನೀಲವ್ವ ಇದನ್ನೆಲ್ಲ ನೋಡಿದಳು. ಹಿಂದಿನಿಂದ ಮಗಳು ಎದ್ದು ಓಡುತ್ತಾಳೆ ಎಂದು ಅವಳಿಗೆ ಅನ್ನಿಸಿತು. ಸೆರಗು ಸರಿಮಾಡಿಕೊಂಡು ತಾನೂ ಏಳಲು ಸಿದ್ಧಳಾದಳು. ಆದರೆ ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಬಲಹೆಗಲಿನ ಕೆಳಗೆ ಇರುವೆ ಹರಿದಂತಾಯಿತು. ಕೊಡವಲು ಕೈ ಎತ್ತಿ, ಹಾಗೇ ನಿಲ್ಲಿಸಿದಳು. ಅವು ಮಗಳ ಬೆರಳುಗಳು. ಮೆಲ್ಲಗೆ ಮೇಲೆ ಹತ್ತಿದವು, ಒಂದು ಕಡೆ ನಿಂತವು, ಮತ್ತೆ ಕೆಳಗಿಳಿದವು. ಅಲ್ಲಿ ಪೇಟಿಯ ಸ್ವರವೂ ಆಗಲೇ ಕೆಳಗಿಳಿದಿತ್ತು. ಆಮೇಲೆ ಎಡಬದಿಗೆ, ಕುಪ್ಪಸದ ಅಂಚಿನ ಕೆಳಗೆ, ಸೊಂಟಕ್ಕಿಂತ ಮೇಲೆ, ಪಖವಾಜಿನ ಪೆಟ್ಟಿನೊಂದಿಗೇ ಅಂಗೈಯೊಂದು ಬಿತ್ತು. ತಡೆಯಿತು. ಮತ್ತೆ ಬಿತ್ತು.

ಪಕ್ಕದಲ್ಲಿ ಕೂತ ಸಿದ್ದವ್ವ ಕೈ ಚಾಚಿ ಹುಡುಗಿಯನ್ನು ಗದರಲು ತಿರುಗಿದಳು. ನೀಲವ್ವ ಅತ್ತೆಯ ಕೈ ಹಿಡಿದು ಅವಳ ಮಡಿಲಲ್ಲಿಯೇ ಇಟ್ಟಳು. ನಂತರ ಕಂಬಕ್ಕೆ ಒರಗಿದ್ದವಳು ಅಲ್ಲಿಂದ ಈಚೆ ಸರಿದು, ಸೆರಗನ್ನು ಎಳೆದು ಬಿಗಿಮಾಡಿಕೊಂಡು, ಬೆನ್ನನ್ನು ಆದಷ್ಟು ನೆಟ್ಟಗೆ, ಅಗಲವಾಗಿ ಮಾಡಿ ಕೂತಳು. ಪದ ಮುಗಿಯುವವರೆಗೂ ಅಲುಗಾಡಲಿಲ್ಲ.